ಇಸಿಜಿ ಸರಿಯಿದ್ದರೂ ಎದೆ ಬಡಿತ ಏರುತ್ತದೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಮೂರು ತಿಂಗಳಿಂದ ರಾತ್ರಿ ಹೊತ್ತು ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಕೈಕಾಲು ತಣ್ಣಗಾಗಿ, ಉಸಿರು ಕಟ್ಟಿದಂತಾಗುತ್ತದೆ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಸರಿಯಿವೆ. ಮನೆಯವರು ‘ಏನೂ ಇಲ್ಲ, ಸುಮ್ಮನೆ ಹೆದರುತ್ತಾನೆ’ ಎನ್ನುತ್ತಾರೆ. ಮುಂದೇನು ಮಾಡಬೇಕು?

ಮೊದಲ ಉತ್ತರ: ದಯವಿಟ್ಟು ಅವರ ಮುಂದೆ ‘ಏನೂ ಇಲ್ಲ’ ಎನ್ನಬೇಡಿ. ಇದೇ ತೊಂದರೆಯಿಂದ ನಾನು ಎರಡು ತಿಂಗಳಲ್ಲಿ ಮೂರು ಸಲ ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿದ್ದೆ. ಪ್ರತಿಸಲವೂ ವರದಿ ಸರಿಯಿದೆಯೆಂದು ಕಳುಹಿಸಿದರೇ ಹೊರತು ಎದೆ ಏಕೆ ಹಾಗೆ ಬಡಿದುಕೊಂಡಿತೆಂದು ಯಾರೂ ಹೇಳಲಿಲ್ಲ. ಕೊನೆಗೆ ಮನೋವೈದ್ಯರು ಇದು ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಉಕ್ಕುವ ತೀವ್ರ ಭಯ) ಎಂದು ಗುರುತಿಸಿ, ಭಯ ಹುಟ್ಟಿದಾಗ ಅಡ್ರಿನಲಿನ್ ಹಾರ್ಮೋನ್ ಸ್ರವಿಸಿ ಬಡಿತ ಏರುವುದನ್ನೂ, ಬೇಗಬೇಗ ಉಸಿರೆಳೆದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತುಟಿ, ಬೆರಳುಗಳು ಜುಮ್ಮೆನ್ನುವುದನ್ನೂ ಕಾಗದದ ಮೇಲೆ ಬರೆದು ತೋರಿಸಿದರು. ಕಾರಣ ಮನಸ್ಸಿನಲ್ಲಿದ್ದರೂ ಜುಮ್ಮೆಂದದ್ದು ನನ್ನ ಬೆರಳೇ ಅಲ್ಲವೇ? ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟಿ ಇಳಿಯತೊಡಗುತ್ತದೆಂದು ತಿಳಿದ ಮೇಲೆ, ಅಡುಗೆಮನೆಯ ಗಡಿಯಾರದ ಕೆಳಗೆ ಸ್ಟೂಲು ಹಾಕಿಕೊಂಡು ಕುಳಿತು, ಉಸಿರನ್ನು ನಿಧಾನವಾಗಿ ಬಿಡುತ್ತಾ ಮುಳ್ಳನ್ನೇ ನೋಡುತ್ತಿದ್ದೆ. ಆಪ್ತಸಮಾಲೋಚನೆಯ ಜೊತೆಗೆ ಕೊಟ್ಟ ಮಾತ್ರೆಯಿಂದ ಮೊದಲ ಎರಡು ವಾರ ಹೊಟ್ಟೆ ತೊಳಸಿತು, ಗುಣ ಕಾಣಲು ತಿಂಗಳೇ ಹಿಡಿಯಿತು. ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸುವುದು ಬೇಡ.

ಎರಡನೆಯ ಉತ್ತರ: ಮನಸ್ಸಿನದೇ ಎಂದು ತೀರ್ಮಾನಿಸುವ ಮೊದಲು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಿದೆಯೇ ನೋಡಿ. ನನ್ನ ಅಕ್ಕನನ್ನು ಎಲ್ಲರೂ ‘ಟೆನ್ಷನ್ ಪಾರ್ಟಿ’ ಎಂದು ಹಾಸ್ಯ ಮಾಡುತ್ತಿದ್ದೆವು (ನಾನೂ ಸೇರಿ, ಈಗ ನಾಚಿಕೆಯಾಗುತ್ತದೆ). ಕೈನಡುಕ, ಬೆವರು, ನಿದ್ದೆಗೇಡು ಎಲ್ಲಕ್ಕೂ ಮೂಲ ಅತಿಯಾಗಿ ಕೆಲಸ ಮಾಡುತ್ತಿದ್ದ ಥೈರಾಯ್ಡ್ ಗ್ರಂಥಿಯಾಗಿತ್ತು. ನಿಮ್ಮ ತಮ್ಮ ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿಯುತ್ತಾರೆಂಬುದನ್ನೂ ವೈದ್ಯರಿಗೆ ಹೇಳಿ.

ಮೂರನೆಯ ಉತ್ತರ: ಮನೋವೈದ್ಯರ ಬಳಿ ಹೋಗಲು ಅವರು ಒಪ್ಪದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಆಸ್ಪತ್ರೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ನಮ್ಮ ಯಜಮಾನರು ಕೊಟ್ಟಿಗೆಯ ಹಿಂದೆ ನಿಂತು ಅರ್ಧ ಗಂಟೆ ಮಾತನಾಡಿದರು. ಒಂದು ಎಚ್ಚರಿಕೆ: ಎದೆನೋವು ಬಂದು ತೋಳಿಗೋ ದವಡೆಗೋ ಹರಡಿದರೆ, ನಡೆದಾಗ ಹೆಚ್ಚಾದರೆ, ಹಳೆಯ ಇಸಿಜಿಯನ್ನು ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.