ಡಿಸ್‌ಎಂಗೇಜ್‌ಮೆಂಟ್‌ಗೆ ಕನ್ನಡದಲ್ಲಿ ಏನನ್ನೋದು?

ಎಲ್ರಿಗೂ ನಮಸ್ಕಾರ. ತಾನಾಗೇ ಓಡೋ ಕಾರುಗಳ ಟೆಸ್ಟಿಂಗ್ ರೂಲ್ಸ್ ಬಗ್ಗೆ ಒಂದು ಲೇಖನ ಬರೀತಾ ಇದ್ದೆ, ಎರಡು ದಿನದಿಂದ ಒಂದೇ ಪದಕ್ಕೆ ಸಿಕ್ಕಾಕ್ಕೊಂಡು ಕೂತಿದೀನಿ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರು ಟೆಸ್ಟ್ ಮಾಡೋ ಕಂಪನಿಗಳು ವರ್ಷವರ್ಷ ಮೋಟಾರು ವಾಹನ ಇಲಾಖೆಗೆ ಡಿಸ್‌ಎಂಗೇಜ್‌ಮೆಂಟ್ ಲೆಕ್ಕ ಕೊಡ್ತಾ ಬಂದಿವೆ, ಅಂದ್ರೆ ಸಿಸ್ಟಮ್ಮೇ ಓಡಿಸ್ತಿದ್ದಾಗ ನಡುವೆ ಅದು ಬಿಟ್ಟು, ಗಾಡಿ ಮನುಷ್ಯನ ಕೈಗೆ ಬಂದಿದ್ದು ಎಷ್ಟು ಸಲ ಅಂತ. 'ಬೇರ್ಪಡಿಕೆ' ಅಂದ್ರೆ ಚಕ್ರ ಕಳಚಿ ಬಿದ್ದಂಗಿದೆ. 'ಹಿಡಿತ ತಪ್ಪೋದು' ಅಂತೂ ಬೇಡ್ವೇ ಬೇಡ, ಹಿಡಿತ ತಪ್ಪಿದ್ರೆ ಗಾಡಿ ಹಳ್ಳದಲ್ಲಿರುತ್ತೆ. ಫ್ರೆಂಡ್ ಒಬ್ರು 'ವೈಫಲ್ಯ' ಅನ್ನಿ ಅಂದ್ರು, ನಾನು ಒಪ್ಪಲ್ಲ. ಯಾಕಂದ್ರೆ ಆ ಲೆಕ್ಕದಲ್ಲಿ ಎರಡು ಥರದ್ದು ಸೇರಿರುತ್ತೆ. ತನ್ನ ಕೈಲಾಗಲ್ಲ ಅಂತ ಸಿಸ್ಟಮ್ಮೇ ಬಿಟ್ಟುಕೊಡೋದು ಒಂದು. ನಿಂತಿರೋ ಲಾರಿ ಹಿಂದಿಂದ ಯಾರೋ ಅಡ್ಡ ಬರ್ತಾರೆ ಅನ್ನಿಸಿ ಸೀಟಲ್ಲಿರೋರು ಪಟ್ಟಂತ ಬ್ರೇಕ್ ತುಳಿದು ಕಿತ್ಕೊಳ್ಳೋದು ಇನ್ನೊಂದು, ಸುಮ್ನೆ ಬಿಟ್ಟಿದ್ರೆ ಕಾರೇ ನಿಲ್ತಿತ್ತೋ ಏನೋ. ಹೆದರ್ಕೊಂಡು ಬೇಗ ಬ್ರೇಕ್ ತುಳಿಯೋರು ಕೂತ್ರೆ ಲೆಕ್ಕ ಜಾಸ್ತಿ ಬರುತ್ತೆ ಅಷ್ಟೇ, ಕಾರು ಕೆಟ್ಟದ್ದು ಅಂತಲ್ಲ. 'ವೈಫಲ್ಯ' ಅಂದ್ಬಿಟ್ರೆ ಪದದಲ್ಲೇ ತೀರ್ಪು ಕೊಟ್ಟಂಗಾಯ್ತು.

'ಹಸ್ತಾಂತರ'ನೂ ಯೋಚಿಸ್ದೆ. ಅದರಲ್ಲಿ ಒಬ್ರು ಕೊಟ್ಟು ಇನ್ನೊಬ್ರು ತಗೊಳ್ಳೋ ಸಮಾಧಾನ ಇದೆ, ಕಿತ್ಕೊಳ್ಳೋದಕ್ಕೆ ಒಗ್ಗಲ್ಲ. ಆದ್ರೆ ವಿಶ್ವಸಂಸ್ಥೆಯ 157ನೇ ರೆಗ್ಯುಲೇಷನ್ ಇದೆಯಲ್ಲ, ಹೆದ್ದಾರಿ ಲೇನಲ್ಲಿ ಕಾರು ತಾನೇ ಹೋಗೋದರ ಬಗ್ಗೆ 2020ರಲ್ಲಿ ಒಪ್ಪಿದ್ದು, ಅದರಲ್ಲಿ ಸಿಸ್ಟಮ್ 'ಇನ್ಮೇಲೆ ನೀವು ತಗೊಳ್ಳಿ' ಅಂತ ಕೇಳಿ ಮಾಮೂಲಿಯಾಗಿ 10 ಸೆಕೆಂಡಾದ್ರೂ ಕಾಯ್ಬೇಕು, ಆಮೇಲೂ ತಗೊಳ್ಳದಿದ್ರೆ ತಾನೇ ನಿಧಾನ ಮಾಡಿ ನಿಲ್ಲಿಸ್ಬೇಕು. ಅದಕ್ಕೆ 'ಹಸ್ತಾಂತರದ ಕೋರಿಕೆ' ಅಂತ ಹಾಕಿದೀನಿ, ನಡೆಯುತ್ತಲ್ವಾ?

ಇನ್ನೊಂದು ತಕರಾರು, ಟೆಸ್ಟಿಂಗಲ್ಲಿರೋ ಗಾಡಿಗೆಲ್ಲ 'ಚಾಲಕರಹಿತ' ಅನ್ನೋದು. 2018ರ ಮಾರ್ಚಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಟೆಸ್ಟ್ ಕಾರು ಗುದ್ದಿ, ಸೈಕಲ್ ತಳ್ಕೊಂಡು ರಸ್ತೆ ದಾಟ್ತಿದ್ದ ಹೆಂಗಸು ತೀರ್ಕೊಂಡ್ರು. ಆ ಕಾರಲ್ಲಿ ಚಾಲಕಿ ಇದ್ರು, ಕಣ್ಣು ಫೋನ್ ಮೇಲಿತ್ತು, ಕೊನೆಗೆ ಕ್ರಿಮಿನಲ್ ಕೇಸಾಗಿದ್ದೂ ಅವರ ಮೇಲೇ. 'ಚಾಲಕರಹಿತ ಕಾರು ಗುದ್ದಿತು' ಅಂತ ಬರೆದ್ರೆ ಈ ಕೇಸಿಗೆ ತಲೆಬುಡ ಇರಲ್ಲ. ಹೀಗೆ ಟೆಸ್ಟ್ ಕಾರಲ್ಲಿ ಕೂರೋ ಸೇಫ್ಟಿ ಡ್ರೈವರ್‌ಗೆ 'ಸುರಕ್ಷಾ ಚಾಲಕ' ಅಂದ್ರೂ ಜೋಪಾನವಾಗಿ ಓಡಿಸೋರು ಅನ್ನಿಸುತ್ತೆ, ಅವರ ಕೆಲಸ ನೋಡ್ತಾ ಕೂರೋದು. 'ನಿಗಾ ಚಾಲಕ' ವಾಸಿ ಅನ್ಕೊಂಡಿದೀನಿ.

ಡಿಸ್‌ಎಂಗೇಜ್‌ಮೆಂಟ್‌ಗೆ ಸದ್ಯಕ್ಕೆ 'ಕೈಬದಲು' ಅಂತ ಹಾಕಿದ್ದೆ. ಓದಿದವರು, ಈ ಕಾರು ವರ್ಷಕ್ಕೆ ಇಷ್ಟು ಸಲ ಸೆಕೆಂಡ್ ಹ್ಯಾಂಡಲ್ಲಿ ಮಾರಾಟ ಆಗುತ್ತಾ ಅಂತ ಕೇಳಿದ್ರು. ಬಿಟ್ಟುಕೊಡೋದು, ಕಿತ್ಕೊಳ್ಳೋದು ಎರಡಕ್ಕೂ ಆಗೋ ಒಂದೇ ಪದ ಯಾರಿಗಾದ್ರೂ ಹೊಳೆದ್ರೆ ಹೇಳಿ.