ಹೆಬ್ರಾನ್‌ನ ಬೇತ್ ಹಶಾಲೋಮ್: ಖರೀದಿ ಸಿಂಧುವಾಗಿದ್ದರೆ ನಿವಾಸಿಗಳನ್ನು ತೆರವುಗೊಳಿಸಿದ್ದೇಕೆ?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಮೈಸೂರು)

1967ರಿಂದ ಇಸ್ರೇಲಿನ ಸೇನಾ ಹಿಡಿತದಲ್ಲಿರುವ ವೆಸ್ಟ್ ಬ್ಯಾಂಕಿನ ಹೆಬ್ರಾನ್ ನಗರದಲ್ಲಿ, ಕಿರ್ಯಾತ್ ಅರ್ಬಾ ಎಂಬ ಯಹೂದಿ ವಸಾಹತಿನಿಂದ ಯಹೂದಿಯರಿಗೂ ಮುಸ್ಲಿಮರಿಗೂ ಪವಿತ್ರವಾದ ಮಕ್ಪೇಲಾ ಗುಹೆಗೆ ಹೋಗುವ ದಾರಿಯಲ್ಲಿರುವ, ಬೇತ್ ಹಶಾಲೋಮ್ (ಶಾಂತಿಯ ಮನೆ) ಎಂದು ಕರೆಯಲಾಗುವ ನಾಲ್ಕು ಅಂತಸ್ತಿನ ಕಟ್ಟಡವನ್ನು ತಾವು ಕ್ರಯಕ್ಕೆ ಪಡೆದಿರುವುದಾಗಿ ಹೇಳಿ 2007ರ ಮಾರ್ಚ್‌ನಲ್ಲಿ ಯಹೂದಿಯರು ಅಲ್ಲಿ ವಾಸಕ್ಕೆ ಬಂದರು. 2008ರ ಡಿಸೆಂಬರ್‌ನಲ್ಲಿ ಇಸ್ರೇಲಿ ಪೊಲೀಸರೇ ಅವರನ್ನು ಬಲವಂತವಾಗಿ ಹೊರಹಾಕಿದರು. ಆದರೆ 2014ರಲ್ಲಿ ಅದೇ ದೇಶದ ಸರ್ವೋಚ್ಚ ನ್ಯಾಯಾಲಯ ಆ ಖರೀದಿಯನ್ನು ಎತ್ತಿಹಿಡಿಯಿತು. ಹಾಗಾದರೆ ತೆರವಿಗೆ ಅವಕಾಶ ಕೊಟ್ಟ ಮೊದಲನೆಯ ಆದೇಶ ತಪ್ಪಾಗಿತ್ತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಸಿವಿಲ್ ವಕೀಲ, ಧಾರವಾಡ)

ತಪ್ಪಾಗಿತ್ತೆಂದು ನನಗೆ ಅನಿಸುವುದಿಲ್ಲ. 2008ರ ನವೆಂಬರ್ 16ರಂದು ಸರ್ವೋಚ್ಚ ನ್ಯಾಯಾಲಯದ ಮುಂದಿದ್ದದ್ದು ಕಟ್ಟಡದ ಮಾಲೀಕರು ಯಾರು ಎಂಬ ಪ್ರಶ್ನೆಯಲ್ಲ, ಆ ಪ್ರಶ್ನೆ ಇತ್ಯರ್ಥವಾಗುವವರೆಗೆ ಸ್ವಾಧೀನ ಯಾರ ಕೈಯಲ್ಲಿರಬೇಕು ಎಂಬುದಷ್ಟೆ. ಮಾರಾಟದ ವ್ಯವಹಾರ ನಡೆದದ್ದು ನಿಜ, ಆದರೆ ನಾನು ಅದನ್ನು ರದ್ದುಪಡಿಸಿದ್ದೆ ಎಂದು ಪ್ಯಾಲೆಸ್ತೀನಿ ಮಾಲೀಕರು ವಾದಿಸಿದರು. ಖರೀದಿದಾರರು ಕಾಗದಪತ್ರಗಳ ಜೊತೆಗೆ, ಆ ಮಾಲೀಕರು ಹಣ ಎಣಿಸುತ್ತಿರುವ ದೃಶ್ಯದ ಮುದ್ರಿಕೆಯನ್ನೂ ಹಾಜರುಪಡಿಸಿದರು. ದಾಖಲೆಗಳ ಸಾಚಾತನದ ಬಗ್ಗೆ ಪೊಲೀಸರಿಗೇ ಸಂದೇಹವಿತ್ತು. ಇಷ್ಟು ಗೊಂದಲವಿರುವಾಗ ಯಾರೇ ಆಗಲಿ ತಾವಾಗಿಯೇ ಒಳನುಗ್ಗಿ ನೆಲೆಯೂರುವುದನ್ನು ಮನ್ನಿಸಿದರೆ, ದಾವೆ ಹೂಡುವುದಕ್ಕಿಂತ ಬೀಗ ಒಡೆಯುವುದೇ ಲಾಭವೆಂದಾಗುತ್ತದೆ. ಆದ್ದರಿಂದ, ಸ್ವಇಚ್ಛೆಯಿಂದ ಹೊರಡಲು ಮೂರು ದಿನಗಳ ಅವಕಾಶ ಕೊಟ್ಟು, ಹೊರಡದಿದ್ದರೆ ಸರ್ಕಾರ ತೆರವುಗೊಳಿಸಿ ಕಟ್ಟಡವನ್ನು ತನ್ನ ವಶದಲ್ಲಿ ಇಟ್ಟುಕೊಳ್ಳಬಹುದೆಂದು ನ್ಯಾಯಾಲಯ ಹೇಳಿತು. ಮುಂದೆ ಸಾಕ್ಷ್ಯಗಳ ಪೂರ್ಣ ವಿಚಾರಣೆ ನಡೆಸಿದ ಜೆರುಸಲೇಮ್ ಜಿಲ್ಲಾ ನ್ಯಾಯಾಲಯ 2012ರಲ್ಲಿ ಖರೀದಿ ಸಿಂಧುವೆಂದಿತು. ಅದರ ಮೇಲಿನ ಮೇಲ್ಮನವಿ 2014ರ ಮಾರ್ಚ್‌ನಲ್ಲಿ ವಜಾ ಆಯಿತು.

ಉತ್ತರ 2 (ಇತಿಹಾಸ ಅಧ್ಯಾಪಕ)

ವಕೀಲರ ವಿವರಣೆ ಸರಿಯಾಗಿಯೇ ಇದೆ. ಆದರೂ ಕೊನೆಗೆ ಹಕ್ಕು ಸಾಬೀತಾದವರು ಐದು ವರ್ಷಕ್ಕೂ ಹೆಚ್ಚು ಕಾಲ ಹೊರಗಿರಬೇಕಾಯಿತು ಎಂಬುದನ್ನು ಹಗುರವಾಗಿ ಕಾಣಲಾಗದು. 1929ರ ಹತ್ಯಾಕಾಂಡದಲ್ಲಿ ಹೆಬ್ರಾನ್‌ನ 67 ಯಹೂದಿಯರು ಕೊಲ್ಲಲ್ಪಟ್ಟು, ಅಲ್ಲಿನ ಪ್ರಾಚೀನ ಸಮುದಾಯವೇ ಚದುರಿಹೋಯಿತು. ಆ ನೆನಪುಳ್ಳವರಿಗೆ ತೆರವಿನ ನೋಟಿಸು ಕೇವಲ ಕಾಗದವಲ್ಲ. ಹಾಗೆಂದು ತೆರವಿನ ನಂತರ ನಡೆದದ್ದನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ವಸಾಹತಿನ ಬೆಂಬಲಿಗರು ನೆರೆಯ ಪ್ಯಾಲೆಸ್ತೀನಿಯರ ಮನೆಗಳ ಮೇಲೆ ದಾಳಿ ಮಾಡಿ ಬೆಂಕಿ ಹಚ್ಚಿದರು, ಗುಂಡು ಹಾರಿಸಿದರು. ಅಂದಿನ ಪ್ರಧಾನಿ ಎಹುದ್ ಓಲ್ಮರ್ಟ್ ಅದನ್ನು, ಯುರೋಪಿನಲ್ಲಿ ಯಹೂದಿಯರ ಮೇಲೆ ನಡೆಯುತ್ತಿದ್ದ ಗುಂಪುದಾಳಿಗಳಿಗೆ ಬಳಸುವ ‘ಪೋಗ್ರೊಮ್’ ಎಂಬ ಹೆಸರಿನಿಂದಲೇ ಕರೆದು, ಯಹೂದಿಯಾಗಿ ತಮಗೆ ನಾಚಿಕೆಯಾಗುತ್ತಿದೆ ಎಂದರು.

ಉತ್ತರ 3 (ಅಂತರರಾಷ್ಟ್ರೀಯ ಕಾನೂನಿನ ಓದುಗರು)

ಇಂಥ ವ್ಯಾಜ್ಯಗಳು ಅಲ್ಲಿ ಮತ್ತೆ ಮತ್ತೆ ಏಕೆ ಹುಟ್ಟುತ್ತವೆ ಎಂಬುದನ್ನೂ ಗಮನಿಸಬೇಕು. ಜೋರ್ಡಾನ್ ಆಡಳಿತ ಆರಂಭಿಸಿದ್ದ ಭೂಮಾಲೀಕತ್ವ ನೋಂದಣಿಯ ಕಾರ್ಯವನ್ನು ಇಸ್ರೇಲಿ ಸೇನಾಡಳಿತ 1968ರಲ್ಲಿ ತಡೆಹಿಡಿದ ಕಾರಣ, ವೆಸ್ಟ್ ಬ್ಯಾಂಕಿನ ಬಹುಪಾಲು ಜಮೀನಿಗೆ ಖಚಿತವಾದ ನೋಂದಣಿಯೇ ಇಲ್ಲ. ಮೇಲಾಗಿ ಯಹೂದಿಯರಿಗೆ ಆಸ್ತಿ ಮಾರುವುದು ಪ್ಯಾಲೆಸ್ತೀನಿ ಆಡಳಿತದಲ್ಲಿ ಘೋರ ಅಪರಾಧ. ಹೀಗಾಗಿ ವ್ಯವಹಾರಗಳು ಮಧ್ಯವರ್ತಿಗಳ ಮೂಲಕ ಗುಟ್ಟಾಗಿ ನಡೆಯುತ್ತವೆ. ಮಾರಿದವರು ಪ್ರಾಣಭಯದಿಂದ ನಿರಾಕರಿಸುತ್ತಿದ್ದಾರೆಯೋ, ನಿಜವಾಗಿಯೇ ಮಾರಿಲ್ಲವೋ ಎಂಬುದನ್ನು ಹೊರಗಿನವರು ಹೇಳುವುದು ಕಷ್ಟ.

ಇನ್ನೊಂದು ಮಾತು. ಕ್ರಯ ಸಿಂಧುವಾದ ಮಾತ್ರಕ್ಕೆ ವಸಾಹತು ಸಿಂಧುವಾಗುವುದಿಲ್ಲ. ಆಕ್ರಮಿತ ಪ್ರದೇಶಕ್ಕೆ ತನ್ನ ನಾಗರಿಕರನ್ನು ವರ್ಗಾಯಿಸುವುದನ್ನು ನಾಲ್ಕನೆಯ ಜಿನೀವಾ ಒಪ್ಪಂದದ 49ನೇ ವಿಧಿ ನಿಷೇಧಿಸುತ್ತದೆ, ಮತ್ತು ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಸಲಹಾ ಅಭಿಪ್ರಾಯದಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. ಇಸ್ರೇಲ್ ಸರ್ಕಾರ ಈ ವ್ಯಾಖ್ಯಾನವನ್ನು ಒಪ್ಪುವುದಿಲ್ಲ. ನನಗಂತೂ ನ್ಯಾಯಾಲಯದ ಮಾತೇ ಸರಿ ಎನಿಸುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೇಲ್ಮನವಿ ವಜಾ ಆದ ಕೂಡಲೇ ಖರೀದಿದಾರರು ಮರಳಿ ಬಂದರೇ?

ಉತ್ತರ 4 (ಸಿವಿಲ್ ವಕೀಲ, ಧಾರವಾಡ)

ಇಲ್ಲ. ಆಗ ಅಲ್ಲಿ ಡಿಕ್ರಿಯೊಂದೇ ಸಾಲುತ್ತಿರಲಿಲ್ಲ, ಸೇನಾಡಳಿತದ ಅನುಮತಿಯೂ ಬೇಕಿತ್ತು. ರಕ್ಷಣಾ ಸಚಿವ ಮೋಶೆ ಯಾಲೋನ್ 2014ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ಯಹೂದಿಯರ ಪಾಸೋವರ್ ಹಬ್ಬದ ಹೊಸ್ತಿಲಲ್ಲಿ ಕೆಲವು ಕುಟುಂಬಗಳು ಆ ಕಟ್ಟಡಕ್ಕೆ ಮರಳಿದವು.