ಕರುಳಿನ ಕ್ಯಾನ್ಸರ್‌ಗೆ ಎರಡನೇ ಸಿ.ಟಿ.: ರಕ್ತನಾಳದ ನಕ್ಷೆ ಬೇಕೇ, ಬೇಡವೇ?

ನಿಟ್ಟುವಳ್ಳಿ ನಿವಾಸಿ:
ನಮ್ಮ ದೊಡ್ಡಪ್ಪನವರಿಗೆ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಎದೆ ಮತ್ತು ಹೊಟ್ಟೆಯ ಸಿ.ಟಿ. ಮುಗಿದಿದೆ, ಲಿವರ್‌ಗೆ ಹರಡಿಲ್ಲ ಎಂದು ವರದಿ ಬಂದಿದೆ. ಶಸ್ತ್ರಚಿಕಿತ್ಸೆ ದಾವಣಗೆರೆಯಲ್ಲೇ. ಈಗ ಸರ್ಜನ್ ಇನ್ನೊಂದು ಸಿ.ಟಿ. ಬರೆದುಕೊಟ್ಟಿದ್ದಾರೆ, ಕರುಳಿಗೆ ಹೋಗುವ ರಕ್ತನಾಳಗಳ ಆಂಜಿಯೋಗ್ರಾಂ ಅಂತೆ. ಹೊಟ್ಟೆ ತೆರೆದರೆ ನಾಳ ಕಣ್ಣೆದುರೇ ಇರುತ್ತದೆ. ಈ ಊರಿನಲ್ಲಿ ಐವತ್ತು ವರ್ಷದಿಂದ ಇದಿಲ್ಲದೆಯೇ ಕರುಳು ಕತ್ತರಿಸಿ ಜೋಡಿಸಿದ್ದಾರೆ. ಇದು ದಂಧೆ ಎಂಬುದೇ ನನ್ನ ಅಭಿಪ್ರಾಯ. ಬೇಡವೆಂದು ಹೇಳಲು ಹೊರಟಿದ್ದೇನೆ. ತಿಳಿದವರು ಮಾತನಾಡಿ.

ಸರ್ಜರಿ ಸ್ನಾತಕೋತ್ತರ ವಿದ್ಯಾರ್ಥಿ:
‘ಐವತ್ತು ವರ್ಷದಿಂದ’ ಎಂದಿದ್ದೀರಿ. ಆಗ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯೇ ಬೇರೆ. 2009ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ಹೋಹೆನ್‌ಬರ್ಗರ್ ಎಂಬ ಸರ್ಜನ್ ಕರುಳನ್ನು, ಅದರ ರಕ್ತನಾಳಗಳು ಸಾಗುವ ಮೆಸೊಕೋಲನ್ ಪೊರೆಯ ಸಮೇತ ಇಡಿಯಾಗಿ ಬಿಡಿಸಿ, ನಾಳವನ್ನು ಅದು ಹುಟ್ಟುವ ಬುಡದಲ್ಲೇ ಕಟ್ಟುವ ವಿಧಾನವನ್ನು ಪ್ರಕಟಿಸಿದರು. ಕ್ಯಾನ್ಸರ್ ಹರಡುವ ದುಗ್ಧಗ್ರಂಥಿಗಳು ನಾಳದ ಜೊತೆಜೊತೆಗೇ ಸಾಗುವುದರಿಂದ ಬುಡದವರೆಗೆ ಹೋಗಬೇಕು. ಆ ಬುಡದಲ್ಲಿ ಕರುಳಿನ ರಕ್ತವನ್ನು ವಾಪಸ್ ಒಯ್ಯುವ ದೊಡ್ಡ ನಾಳ, ಸುಪೀರಿಯರ್ ಮೆಸೆಂಟರಿಕ್ ಅಭಿಧಮನಿ ಇದೆ. ಬಲಭಾಗದ ಕರುಳಿಗೆ ರಕ್ತ ತರುವ ಇಲಿಯೊಕಾಲಿಕ್ ಅಪಧಮನಿ ಕೆಲವರಲ್ಲಿ ಅದರ ಮುಂದಿನಿಂದ ದಾಟುತ್ತದೆ, ಕೆಲವರಲ್ಲಿ ಹಿಂದಿನಿಂದ. ಎರಡೂ ಸಾಮಾನ್ಯ. ಅದೇ ಭಾಗದ ಇನ್ನೊಂದು ನಾಳ, ರೈಟ್ ಕಾಲಿಕ್ ಅಪಧಮನಿಯಂತೂ ಬಹಳ ಜನರಲ್ಲಿ ಪ್ರತ್ಯೇಕವಾಗಿ ಇರುವುದೇ ಇಲ್ಲ. ಮೇಲೆ ಮೇದೋಜೀರಕ ಗ್ರಂಥಿಯ ಪಕ್ಕದಲ್ಲಿ ಹೆನ್ಲೆ ಟ್ರಂಕ್ ಎಂಬ ಗಿಡ್ಡ ಅಭಿಧಮನಿ ಇದೆ. 1868ರಲ್ಲಿ ಹೆನ್ಲೆ ವಿವರಿಸಿದ್ದು. ಅದಕ್ಕೆ ಯಾವ ಕವಲು ಎಲ್ಲಿ ಬಂದು ಸೇರುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕರುಳನ್ನು ಸ್ವಲ್ಪ ಜೋರಾಗಿ ಎಳೆದರೂ ಈ ಟ್ರಂಕ್ ಹರಿದುಹೋಗುತ್ತದೆ. ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಬೆರಳಿನಿಂದ ಒತ್ತಿ ಹಿಡಿಯಲು ಅವಕಾಶವಿಲ್ಲ. ಕೊಬ್ಬು ಹೆಚ್ಚಿರುವ ಹೊಟ್ಟೆಯಲ್ಲಿ ನಾಳ ಕಣ್ಣೆದುರು ಇರುವುದೂ ಇಲ್ಲ, ಕೊಬ್ಬಿನೊಳಗೆ ಹೂತಿರುತ್ತದೆ.

ಹರಿಹರದ ಮೇಷ್ಟ್ರು:
‘ಬುಡದವರೆಗೆ ಹೋಗಬೇಕು’ ಎಂದು ಯಾರು ತೀರ್ಮಾನಿಸಿದರು ತಮ್ಮಾ? ಚೀನಾದ ರೆಲಾರ್ಕ್ ಅಧ್ಯಯನ ಓದು. ಬುಡದವರೆಗೆ ಹೋಗುವ ಆಳವಾದ ವಿಧಾನಕ್ಕೂ ರೂಢಿಯ ವಿಧಾನಕ್ಕೂ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ ಹೋಲಿಸಿದ್ದಾರೆ. 2021ರ ವರದಿಯಲ್ಲಿ ರಕ್ತನಾಳಕ್ಕೆ ಗಾಯವಾದದ್ದು ಆಳವಾದ ವಿಧಾನದಲ್ಲಿ ಶೇ. 3, ರೂಢಿಯದರಲ್ಲಿ ಶೇ. 1. 2024ರಲ್ಲಿ ಮೂರು ವರ್ಷದ ಫಲಿತಾಂಶ ಬಂತು. ರೋಗ ಮರುಕಳಿಸದೆ ಬದುಕಿದ್ದವರ ಪ್ರಮಾಣದಲ್ಲಿ ಸಂಖ್ಯಾಶಾಸ್ತ್ರ ಒಪ್ಪುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟು ಆಳಕ್ಕೆ ಹೋಗುವ ಅಗತ್ಯವೇ ಸಾಬೀತಾಗದಿರುವಾಗ ಆ ಆಳದ ನಕ್ಷೆಗೆ ಬಡವರು ಏಕೆ ದುಡ್ಡು ಕೊಡಬೇಕು?

ಸರ್ಜರಿ ಸ್ನಾತಕೋತ್ತರ ವಿದ್ಯಾರ್ಥಿ:
ಶೇ. 3 ಗಾಯ ಎಂದು ನೀವೇ ಬರೆದಿರಿ ಸರ್. ನಕ್ಷೆ ಬೇಕೆನ್ನಲು ಇದಕ್ಕಿಂತ ಬಲವಾದ ಕಾರಣ ಬೇಕೆ? ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಗಂಭೀರ ತೊಡಕುಗಳು ಆಳವಾದ ಗುಂಪಿನಲ್ಲೇ ಕಡಿಮೆ ಇದ್ದವು. ಅದನ್ನು ಬಿಟ್ಟಿದ್ದೀರಿ. 2015ರಲ್ಲಿ ಡೆನ್ಮಾರ್ಕ್‌ನಿಂದ ಬಂದ ಅಂಕಿಗಳನ್ನೂ ನೋಡಿ: ನಾಲ್ಕು ವರ್ಷ ರೋಗವಿಲ್ಲದೆ ಉಳಿದವರು ಆಳವಾದ ವಿಧಾನದಲ್ಲಿ ಶೇ. 85.8, ರೂಢಿಯದರಲ್ಲಿ ಶೇ. 75.9.

ಹರಿಹರದ ಮೇಷ್ಟ್ರು:
ಡೆನ್ಮಾರ್ಕ್‌ನದು ಒಂದು ಆಸ್ಪತ್ರೆಯನ್ನು ಬೇರೆ ಆಸ್ಪತ್ರೆಗಳೊಂದಿಗೆ ಹೋಲಿಸಿದ್ದು. ರೋಗಿಗಳನ್ನು ಹಾಗೆ ಹಂಚಿರಲಿಲ್ಲ. ಅದನ್ನು ಪುರಾವೆ ಎಂದು ನನ್ನೆದುರು ಇಡಬೇಡ.

ಸ್ಕ್ಯಾನ್ ಕೋಣೆಯ ಹಳಬ:
ಮೂವತ್ತು ವರ್ಷ ಸಿ.ಟಿ. ಯಂತ್ರದ ಮುಂದೆ ಕೂತವನು ಹೇಳುತ್ತೇನೆ. ಇಬ್ಬರೂ ಮೂಲ ಪ್ರಶ್ನೆಯನ್ನು ಬಿಟ್ಟಿದ್ದೀರಿ. ಮೊದಲ ಸಿ.ಟಿ.ಯಲ್ಲೇ ನಕ್ಷೆ ಇರಬಹುದು. ನಾಳಗಳನ್ನು ಚಿತ್ರದಲ್ಲಿ ಬೆಳಗಿಸುವ ಕಾಂಟ್ರಾಸ್ಟ್ ಔಷಧಿ ಚುಚ್ಚಿ ಸುಮಾರು 70 ಸೆಕೆಂಡಿಗೆ ತೆಗೆದರೆ ಅಭಿಧಮನಿ ಚೆನ್ನಾಗಿ ಬೆಳಗುತ್ತದೆ, ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ಸಾಮಾನ್ಯವಾಗಿ ತೆಗೆಯುವುದು ಇದನ್ನೇ. ಅಪಧಮನಿ ಬೆಳಗಲು ಅದಕ್ಕಿಂತ ಬೇಗ ತೆಗೆಯಬೇಕು. ಕೆಲವು ಕಡೆ ಎರಡೂ ಹಂತ ತೆಗೆದಿರುತ್ತಾರೆ. ಯಂತ್ರ ಒಂದು ಮಿಲಿಮೀಟರಿಗಿಂತ ತೆಳು ಪದರಗಳಲ್ಲಿ ಮಾಹಿತಿ ಹಿಡಿಯುತ್ತದೆ, ನಾವು ಓದಲು ಅದನ್ನು 5 ಮಿಲಿಮೀಟರ್ ಪದರಗಳಾಗಿ ಕೂಡಿಸುತ್ತೇವೆ. ಎರಡು ಮಿಲಿಮೀಟರಿನ ನಾಳ ಆ ದಪ್ಪದಲ್ಲಿ ಕಳೆದುಹೋಗುತ್ತದೆ. ತೆಳು ಪದರಗಳನ್ನು ಅಳಿಸುವ ಮೊದಲೇ ಸಿ.ಡಿ.ಯಲ್ಲಿ ಕೇಳಿ ಪಡೆಯಿರಿ. ಫಿಲ್ಮ್ ಹಾಳೆಯಿಂದ ಈ ಕೆಲಸಕ್ಕೆ ಏನೂ ಪ್ರಯೋಜನವಿಲ್ಲ.

ನಿಟ್ಟುವಳ್ಳಿ ನಿವಾಸಿ:
ಏನೂ ಪ್ರಯೋಜನವಿಲ್ಲವೇ? ನಮಗೆ ಕೊಟ್ಟದ್ದು ಫಿಲ್ಮ್ ಮಾತ್ರ, ದೊಡ್ಡ ಕವರಿನಲ್ಲಿ ನಾಲ್ಕು ಹಾಳೆ. ಸರ್ಜನ್ ಅದನ್ನೇ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಗಡ್ಡೆ ಇಲ್ಲಿದೆ ಎಂದು ಪೆನ್ನಿನ ತುದಿಯಲ್ಲಿ ತೋರಿಸಿದರು.

ಸ್ಕ್ಯಾನ್ ಕೋಣೆಯ ಹಳಬ:
ಗಡ್ಡೆ ಕಾಣುತ್ತದೆ. ನಾಳದ ಕವಲು ಕಾಣುವುದಿಲ್ಲ. ಹಾಳೆಯ ಒಂದೊಂದು ಚೌಕವೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಪದರದಿಂದ ಪದರಕ್ಕೆ ಉರುಳಿಸಿಕೊಂಡು ಹೋದರೆ ಮಾತ್ರ ಅಪಧಮನಿ ಅಭಿಧಮನಿಯ ಮುಂದಿದೆಯೋ ಹಿಂದಿದೆಯೋ ಗೊತ್ತಾಗುವುದು.

ದುರ್ಗದ ಮಗಳು:
ಫಿಲ್ಮ್ ಬೇಡವೆನ್ನುವವರು ನಮ್ಮ ಮನೆಗೆ ಬಂದು ಹೇಳಲಿ. ಅಪ್ಪನಿಗೆ ಒಂದು ಕಡೆ ಸಿ.ಡಿ. ಮಾತ್ರ ಕೊಟ್ಟರು. ಚಿತ್ರದುರ್ಗದಿಂದ ಅದನ್ನು ಜೋಪಾನವಾಗಿ ದಾವಣಗೆರೆಗೆ ತಂದರೆ ಅಲ್ಲಿನ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ಇನ್ನೊಂದು ಕಡೆ ಹಾಕಿದರೆ ತೆರೆಯಲಿಲ್ಲ. ಕೊನೆಗೆ ಮತ್ತೆ ಸೂಜಿ, ಮತ್ತೆ ಔಷಧಿ, ಮತ್ತೆ ಬಿಲ್ಲು. ಫಿಲ್ಮ್ ಇದ್ದಿದ್ದರೆ ಯಾವ ತಾಲ್ಲೂಕಿನ ಡಾಕ್ಟರಾದರೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಸ್ಕ್ಯಾನ್ ಕೋಣೆಯ ಹಳಬ:
ಕಿಟಕಿಯ ಬೆಳಕಿನಲ್ಲಿ ನೋಡಿ ಕರುಳಿನ ಶಸ್ತ್ರಚಿಕಿತ್ಸೆ ಯೋಜಿಸುವುದೇ ತಾಯಿ? ಕಾಲಿನ ಎಲುಬು ಮುರಿದಿರುವ ಮಾತಲ್ಲ ಇದು. ತೆರೆಯದ ಸಿ.ಡಿ. ಕೊಟ್ಟವರನ್ನು ಬೈಯಿರಿ, ಸಿ.ಡಿ.ಯನ್ನಲ್ಲ. ಪೆನ್‌ಡ್ರೈವ್‌ನಲ್ಲಿ ಕೇಳಬಹುದಿತ್ತು.

ದುರ್ಗದ ಮಗಳು:
ಕೇಳಬಹುದಿತ್ತು! ಎಪ್ಪತ್ತರ ಅಪ್ಪನನ್ನು ಗಾಲಿಕುರ್ಚಿಯಲ್ಲಿ ತಳ್ಳುತ್ತಿದ್ದವಳಿಗೆ ತೆಳು ಪದರ, ದಪ್ಪ ಪದರ ಎಂಬ ಮಾತನ್ನು ಅಲ್ಲಿ ಯಾರು ಹೇಳಿಕೊಟ್ಟರು? ಹೇಳಬೇಕಾದವರು ನಿಮ್ಮಂಥವರು. ಮೂವತ್ತು ವರ್ಷದಲ್ಲಿ ಎಷ್ಟು ಜನರಿಗೆ ಹೇಳಿದಿರಿ?

ವಿದ್ಯಾನಗರದ ವಕೀಲ:
ಇದು ಹಕ್ಕಿನ ವಿಷಯ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ರೋಗಿ ಅಥವಾ ಅವರ ಕಡೆಯವರು ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು. ಲಿಖಿತವಾಗಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಫಿಲ್ಮೋ ಸಿ.ಡಿ.ಯೋ ಎಂದು ಜಗಳವಾಡುವ ಬದಲು ಎರಡನ್ನೂ ಕೇಳಿ.

ಹರಿಹರದ ಮೇಷ್ಟ್ರು:
ದಾಖಲೆ ಎಂದರೆ ಯಾವುದು ವಕೀಲರೇ? ವರದಿ ದಾಖಲೆ, ಫಿಲ್ಮ್ ದಾಖಲೆ. ಯಂತ್ರದೊಳಗಿನ ತೆಳು ಪದರವೂ ದಾಖಲೆ ಎಂದು ಆ ನಿಯಮದಲ್ಲಿ ಎಲ್ಲಿ ಬರೆದಿದೆ? ಮೂರು ವರ್ಷ ಇಟ್ಟುಕೊಳ್ಳಬೇಕೆಂದು ಹೇಳಿರುವುದು ಒಳರೋಗಿಗಳ ದಾಖಲೆಗೆ. ಹೊರಗಡೆ ಸ್ಕ್ಯಾನ್ ಮಾಡಿಸಿಕೊಂಡು ಮನೆಗೆ ಹೋದವರ ಪಾಡೇನು?

ವಿದ್ಯಾನಗರದ ವಕೀಲ:
ಇಲ್ಲವೆಂದೂ ಬರೆದಿಲ್ಲ. ಕೇಳದೆ ಸೋಲುವುದಕ್ಕಿಂತ ಕೇಳುವುದು ಮೇಲು. ದುಡ್ಡು ಕೊಟ್ಟು ತೆಗೆಸಿದ ಚಿತ್ರ ರೋಗಿಯದು.

ಸ್ಕ್ಯಾನ್ ಕೋಣೆಯ ಹಳಬ:
ದುರ್ಗದ ತಾಯಿಗೆ ಉತ್ತರ ಕೊಡುತ್ತೇನೆ. ದಿನಕ್ಕೆ ನಲವತ್ತು ಜನ ಸಾಲಿನಲ್ಲಿ ಇರುವಾಗ ಹೇಳಲು ಪುರುಸೊತ್ತಿರಲಿಲ್ಲ. ಅದು ನನ್ನೊಬ್ಬನ ತಪ್ಪಲ್ಲ. ಆದರೂ ಫಿಲ್ಮಿನ ವಿಷಯದಲ್ಲಿ ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ.

ಜಗಳೂರು ರೈತ:
ಫಿಲ್ಮ್ ಜಗಳ ಬಿಡಿ. ಸಕ್ಕರೆ ಕಾಯಿಲೆಯವರಿಗೆ ಮೇಲಿಂದ ಮೇಲೆ ಕಾಂಟ್ರಾಸ್ಟ್ ಕೊಟ್ಟರೆ ಕಿಡ್ನಿಯ ಗತಿ ಏನು? ಅದನ್ನು ಯಾರೂ ಹೇಳುತ್ತಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಿಡುವುದು ಒಳ್ಳೆಯದಲ್ಲವೇ?

ಸರ್ಜರಿ ಸ್ನಾತಕೋತ್ತರ ವಿದ್ಯಾರ್ಥಿ:
ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿಯೇ ಕಾಂಟ್ರಾಸ್ಟ್ ಕೊಡುತ್ತಾರೆ ಅಣ್ಣಾ. ಮೂತ್ರಪಿಂಡ ಸರಿಯಿದ್ದರೆ ಭಯ ಕಡಿಮೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು, ಕಿಡ್ನಿ ದುರ್ಬಲವಾಗಿದ್ದರೆ ಅದನ್ನು ಕೆಲವು ದಿನ ನಿಲ್ಲಿಸುತ್ತಾರೆ. ಬೆಂಗಳೂರಿಗೆ ಹೋದರೂ ಅಲ್ಲಿಯೂ ಇದೇ ಯಂತ್ರ, ಇದೇ ಔಷಧಿ. ದೊಡ್ಡಪ್ಪನವರ ವಯಸ್ಸಿಗೆ ಒಂದು ಹೆಚ್ಚುವರಿ ಸಿ.ಟಿ.ಯ ವಿಕಿರಣಕ್ಕಿಂತ ಒಳಗಿನ ಕ್ಯಾನ್ಸರೇ ದೊಡ್ಡ ಅಪಾಯ.

ಹರಿಹರದ ಮೇಷ್ಟ್ರು:
‘ಭಯ ಕಡಿಮೆ’ ಎನ್ನುವುದೂ ‘ಭಯವಿಲ್ಲ’ ಎನ್ನುವುದೂ ಒಂದೇ ಅಲ್ಲ. ಇದನ್ನು ಗುರುತು ಹಾಕಿಕೊಳ್ಳಿ.

ಸರ್ಜರಿ ಸ್ನಾತಕೋತ್ತರ ವಿದ್ಯಾರ್ಥಿ:
ಸರ್, ನಾನು ಆ ಕೋಣೆಯಲ್ಲಿ ನಿಂತಿದ್ದೇನೆ. ಹೆನ್ಲೆ ಟ್ರಂಕ್ ಹರಿದಾಗ ಪರದೆ ಕ್ಷಣಾರ್ಧದಲ್ಲಿ ಕೆಂಪಾಗುತ್ತದೆ, ಕ್ಯಾಮೆರಾ ಹಿಡಿದವನಿಗೆ ಏನೂ ಕಾಣುವುದಿಲ್ಲ, ಹೀರುವ ಕೊಳವೆ ಸಾಲುವುದಿಲ್ಲ, ಹೊಟ್ಟೆ ತೆರೆಯಿರಿ ಎಂಬ ಕೂಗು ಬರುತ್ತದೆ. ಹಿಂದಿನ ಸಂಜೆ ಪರದೆಯ ಮೇಲೆ ಆ ಕವಲನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡವರ ಕೈಗೂ ನೋಡದವರ ಕೈಗೂ ವ್ಯತ್ಯಾಸವಿದೆ. ಅದನ್ನು ಶೇಕಡಾವಾರು ಲೆಕ್ಕದಲ್ಲಿ ತಳ್ಳಿಹಾಕಬೇಡಿ.

ಹರಿಹರದ ಮೇಷ್ಟ್ರು:
ನಿನ್ನ ಅನುಭವಕ್ಕೆ ಗೌರವವಿದೆ. ಅನುಭವ ಪುರಾವೆಯಲ್ಲ.

ನಿಟ್ಟುವಳ್ಳಿ ನಿವಾಸಿ:
ಇಂದು ಸ್ಕ್ಯಾನ್ ಕೇಂದ್ರಕ್ಕೆ ಹೋಗಿ ಬರವಣಿಗೆಯಲ್ಲಿ ಕೇಳಿದೆ. ತೆಳು ಪದರಗಳು ಇನ್ನೂ ಯಂತ್ರದಲ್ಲೇ ಇದ್ದವು. ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು, ಹೆಚ್ಚು ಹಣ ಕೇಳಲಿಲ್ಲ. ಅಂದರೆ ಎರಡನೇ ಸಿ.ಟಿ. ಬೇಡವೆಂದು ನಾನು ಹೇಳಿದ್ದೇ ಸರಿಯಾಯಿತು.

ಸರ್ಜರಿ ಸ್ನಾತಕೋತ್ತರ ವಿದ್ಯಾರ್ಥಿ:
ಸರಿಯಾಯಿತೋ ಇಲ್ಲವೋ ಎಂದು ಹೇಳುವವರು ನಿಮ್ಮ ಸರ್ಜನ್ ಮತ್ತು ರೇಡಿಯಾಲಜಿಸ್ಟ್. ಅದರಲ್ಲಿ ಅಪಧಮನಿಯ ಹಂತ ಇದೆಯೇ? 70 ಸೆಕೆಂಡಿನದು ಮಾತ್ರ ಇದ್ದರೆ ಸಣ್ಣ ಅಪಧಮನಿಗಳು ಮಸುಕಾಗಿರುತ್ತವೆ. ‘ಬೇಡ’ ಎಂದು ಮೊದಲೇ ಹೇಳಿಬಿಡಬೇಡಿ. ತೋರಿಸಿ, ಸಾಲುತ್ತದೆಯೇ ಎಂದು ಕೇಳಿ.

ನಿಟ್ಟುವಳ್ಳಿ ನಿವಾಸಿ:
ತೋರಿಸುತ್ತೇನೆ. ಆದರೆ ಇದ್ದದ್ದನ್ನು ನೋಡದೆ ಹೊಸದನ್ನು ಬರೆದುಕೊಟ್ಟದ್ದು ಏಕೆ ಎಂದೂ ಅವರನ್ನೇ ಕೇಳುತ್ತೇನೆ.

ಸ್ಕ್ಯಾನ್ ಕೋಣೆಯ ಹಳಬ:
ನೀವು ಅವರಿಗೆ ಕೊಟ್ಟದ್ದು ಫಿಲ್ಮ್ ಮಾತ್ರ. ಅದರಲ್ಲಿ ನೋಡುವಂಥದ್ದು ಇರಲಿಲ್ಲ.

ದುರ್ಗದ ಮಗಳು:
ಮತ್ತೆ ಅದೇ ಮಾತು! ಕೌಂಟರಿನಲ್ಲಿ ಕೊಟ್ಟದ್ದನ್ನು ತಾನೇ ರೋಗಿಯ ಕಡೆಯವರು ಡಾಕ್ಟರಿಗೆ ಕೊಡುವುದು? ಶಸ್ತ್ರಚಿಕಿತ್ಸೆಗೆ ಇದು ಬೇಕಾಗುತ್ತದೆ ಎಂದು ಮೊದಲ ಚೀಟಿಯಲ್ಲೇ ಸರ್ಜನ್ ಬರೆಯಲಿ, ಕೇಂದ್ರದವರು ಕವರಿನ ಮೇಲೆ ಮುದ್ರಿಸಲಿ. ಅಲ್ಲಿಯವರೆಗೆ ಫಿಲ್ಮ್ ಹಿಡಿದು ಬಂದವರನ್ನು ಯಾರೂ ಗದರಿಸಬೇಡಿ.